ಅಕ್ಕನ ಆಸೆ ಎಂದು ನಾನು ಹೇಳಿದ ಮಾತು

ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವವನು ‘ಇದನ್ನೇ ತಗೊಳ್ಳಿ’ ಎಂದು ತನ್ನ ಬಾಯಿಂದ ಹೇಳಬಾರದು. ಅಂಗಡಿಗೆ ಸೇರಿದ ಹೊಸತರಲ್ಲೇ ನನಗೆ ಸಿಕ್ಕ ಪಾಠ ಇದು. ತಾಯಿ ಮಗಳು ಜೊತೆಗೆ ಬಂದಿದ್ದರೆ ತಾಯಿಗೆ ಹೇಳಬೇಕು: ‘ಅವ್ವಾರೆ, ನಿಮ್ಮ ಮಗಳ ಕಣ್ಣು ಆ ಹಸಿರಿನ ಮ್ಯಾಲೇ ಐತೆ ನೋಡ್ರಿ.’ ತಾಯಿ ಆಚೆ ತಿರುಗಿದಾಗ ಮಗಳಿಗೆ ಹೇಳಬೇಕು: ‘ನಿಮ್ಮವ್ವಾರಿಗೆ ಮನಸಾಗೈತೆ, ಬಾಯಿಬಿಟ್ಟು ಹೇಳ್ತಿಲ್ಲ ಅಷ್ಟೇ.’ ಒಬ್ಬರಿಗಾಗಿ ಇನ್ನೊಬ್ಬರು ಒಪ್ಪಿಕೊಂಡು ಸೀರೆ ಕಟ್ಟಿಸಿಕೊಂಡು ಹೋಗುತ್ತಾರೆ. ಇಬ್ಬರಿಗೂ ಅದು ಬೇಕಿರಲಿಲ್ಲ ಎಂಬುದು ಮನೆ ಮುಟ್ಟಿದ ಮೇಲೆ ಗೊತ್ತಾದರೂ ಆಗಬಹುದು, ಆಗದೆಯೂ ಇರಬಹುದು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಶಾಲೆಯಲ್ಲಿ ಕಲಿತದ್ದು ಬಹಳ ಮರೆತಿದೆ. ಈ ಪಾಠ ಮಾತ್ರ ನನ್ನ ರಕ್ತಕ್ಕೆ ಇಳಿದುಬಿಟ್ಟಿತ್ತು. ಅಂಗಡಿಯ ಹೊರಗೂ ನಾನು ಹಾಗೆಯೇ ಮಾತಾಡತೊಡಗಿದ್ದೆ. ನನಗೆ ಬೇಕಾದದ್ದನ್ನು ಬೇರೆ ಯಾರದೋ ಆಸೆ ಎಂದು ಹೇಳುವುದು.

ಇದನ್ನು ಮೊದಲೇ ಹೇಳಿದರೆ ಮುಂದೆ ನಾನು ಮಾಡಿದ್ದು ಏನೆಂದು ತಿಳಿಯುತ್ತದೆ. ಕ್ಷಮೆ ಸಿಗಲಿ ಎಂದು ಹೇಳುತ್ತಿಲ್ಲ.

ನಮ್ಮ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿತ್ತು. ಅಪ್ಪ ಮಂಡಿಯಲ್ಲಿ ಕಾಳು ತೂಗುವ ಕೆಲಸದಲ್ಲಿದ್ದರು. ಅವ್ವ ಮನೆಯಲ್ಲಿ. ನನಗೆ ಒಬ್ಬಳೇ ಅಕ್ಕ. ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು, ಮುಂದಿನ ಕೋಣೆಯ ಕಿಟಕಿ ಪಕ್ಕ ಮಿಷನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುತ್ತಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ನಾನು ಶಾಲೆ ಬಿಟ್ಟ ದಿನ ನನ್ನನ್ನು ಹೊಡೆದವಳು ಅಕ್ಕನೇ ಹೊರತು ಅಪ್ಪ ಅಲ್ಲ. ಅಂಗಡಿಗೆ ಸೇರಿದಾಗ ಹಾಕಿಕೊಂಡು ಹೋಗಲು ಎರಡು ಅಂಗಿ ಹೊಲಿದು ಕೊಟ್ಟವಳೂ ಅವಳೇ.

ತೊಂಬತ್ತೆಂಟರ ಬೇಸಿಗೆಯಲ್ಲಿ ಅಕ್ಕನಿಗೆ ಹರಿಹರದ ಗಂಡು ಗೊತ್ತಾಯಿತು. ಹುಡುಗ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ತಂದೆ ಇಲ್ಲ. ಅವನು ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡು, ತಾಯಿ ಒಬ್ಬರೇ ಎಮ್ಮೆ ಕಟ್ಟಿ ಹಾಲು ಹಾಕಿ ಬೆಳೆಸಿದ್ದರು. ಮಾತುಕತೆಯ ದಿನ ಹಿರಿಯರು ಕೂತು, ಮದುವೆ ಹರಿಹರದಲ್ಲಿ, ಮಂಟಪ ಊಟ ಗಂಡಿನ ಕಡೆಯವರದು, ವಾಲಗ ಮತ್ತು ಫೋಟೋ ಹೆಣ್ಣಿನ ಕಡೆಯವರದು ಎಂದು ತೀರ್ಮಾನ ಮಾಡಿದರು. ಬಸ್ಸಿನಲ್ಲಿ ಹಿಂದಿರುಗುವಾಗ ಅಪ್ಪ, ‘ನಿಂಗೆ ಪ್ಯಾಟಿ ಜನ ಗೊತ್ತು. ಫೋಟೋದ್ದು ನೀನೇ ನೋಡ್ಕೋ’ ಎಂದರು. ಮನೆಯಲ್ಲಿ ನನಗೆ ಅಂತ ಒಂದು ಜವಾಬ್ದಾರಿ ಸಿಕ್ಕಿದ್ದು ಅದೇ ಮೊದಲು.

ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಹಳೆಯ ಸ್ಟುಡಿಯೋ ಇತ್ತು. ಗಂಡಿನ ಕಡೆಗೆ ಕಳಿಸಲು ಅಕ್ಕನ ಫೋಟೋ ತೆಗೆದವರು ಅಲ್ಲಿಯ ಯಜಮಾನರೇ. ಮಾತು ಕಡಿಮೆ. ಮದುವೆಗೆ ಹೋದರೆ ಕಂಬದ ಪಕ್ಕ ನಿಂತು, ಬೇಕಾದಾಗ ಮಾತ್ರ ಕ್ಯಾಮೆರಾ ಎತ್ತುವವರು. ಅವರು ಬಂದಿದ್ದಾರೋ ಇಲ್ಲವೋ ಎಂದು ಜನ ಹುಡುಕಬೇಕಾಗುತ್ತಿತ್ತು. ಅಕ್ಕನ ಮನಸ್ಸಿನಲ್ಲಿ ಅವರೇ ಇದ್ದರು.

‘ಎಲ್ಲಾ ಫೋಟೋದವ್ರೂ ತಲೆ ಬಗ್ಸು, ನಗು, ಸೀರೆ ಸರಿ ಮಾಡ್ಕೋ ಅಂತಾರೆ. ಅವ್ರು ನಂಗೆ ಏನಂದ್ರು ಗೊತ್ತೈತಾ? ಹೆಂಗೆ ಕುಂತೀಯೋ ಹಂಗೇ ಕುಂದ್ರವ್ವ ಅಂದ್ರು. ಅವರನ್ನೇ ಹೇಳಿಬಿಡು’ ಎಂದಳು.

ನನಗೆ ಅವರು ಬೇಡವಾಗಿದ್ದರು. ಕಾರಣ ಹೇಳಲು ಈಗ ನಾಚಿಕೆಯಾಗುತ್ತದೆ. ಆ ವರ್ಷಗಳಲ್ಲಿ ಅಂಗಡಿಗೆ ಮದುವೆ ಬಟ್ಟೆಗೆ ಬರುತ್ತಿದ್ದ ಜನರ ಬಾಯಲ್ಲಿ ವಿಡಿಯೋದ್ದೇ ಮಾತು. ‘ನಮ್ಮಲ್ಲಿ ವಿಡಿಯೋ ಮಾಡಿಸ್ತೀವಿ, ಸೀರೆ ಸ್ವಲ್ಪ ಹೊಳೀಬೇಕು’ ಎಂದು ಕೇಳುತ್ತಿದ್ದರು. ಸರಸ್ವತಿ ನಗರದ ಕಡೆಯಿಂದ ಕಾರಿನಲ್ಲಿ ಬಂದವರು ಹಾಗೆ ಹೇಳಿದಾಗ, ಥಾನು ಬಿಚ್ಚುತ್ತಾ ನಾನು, ನಮ್ಮ ಅಕ್ಕನ ಮದುವೆಯಲ್ಲೂ ವಿಡಿಯೋ ಇರುತ್ತದೆ ಎಂದು ಒಬ್ಬರಿಗೆ ಹೇಳಿಯೂಬಿಟ್ಟಿದ್ದೆ. ಅವರು ಕೇಳಿಸಿಕೊಳ್ಳಲೂ ಇಲ್ಲ. ಆದರೆ ನಾನು ಹೇಳಿದ ಮಾತು ನನ್ನ ಕಿವಿಗೆ ಬಿದ್ದಿತ್ತು.

ಒಂದು ಸಂಜೆ ಅಂಗಡಿ ಮುಚ್ಚುವ ಮೊದಲೇ ಬಿಡುವು ಕೇಳಿಕೊಂಡು ಪೇಟೆಯ ಒಬ್ಬ ವಿಡಿಯೋದವನ ಬಳಿಗೆ ಹೋದೆ. ಜೇಬುಗಳೇ ತುಂಬಿದ ಒಂದು ಕೋಟು ಹಾಕಿಕೊಂಡಿದ್ದ ಅವನು, ಕಲರ್ ಟೀವಿಯ ಎದುರು ಕುರ್ಚಿ ಹಾಕಿ ನನ್ನನ್ನು ಕೂರಿಸಿದ. ಕ್ಯಾಸೆಟ್ ಹಾಕಿ ತೋರಿಸಿದ. ಗಂಡು ಹೆಣ್ಣು ಕಮಲದೊಳಗಿಂದ ಎದ್ದು ಬರುತ್ತಿದ್ದರು. ಹಾರ ಹಾಕುವಾಗ ಗುಲಾಬಿ ಎಸಳು ಉದುರುತ್ತಿದ್ದವು. ಹೆಣ್ಣಿನ ಮಾವ ಒಂದು ಹೃದಯದ ಚಿತ್ರದೊಳಗೆ ಸಿಕ್ಕಿಕೊಂಡು ಕವಳ ಜಗಿಯುತ್ತಿದ್ದ.

‘ಇದೆಲ್ಲ ಮಿಕ್ಸಿಂಗ್ ಬ್ರದರ್’ ಎಂದ ವಿಡಿಯೋದವನು. ‘ನಿಮ್ಮಕ್ಕಾರನ್ನ ಎಲ್ಲಿ ಬೇಕಾದ್ರೂ ಕೂಡಿಸ್ತೀವಿ. ಚಂದ್ರನ ಮ್ಯಾಲೆ ಬೇಕಾ, ಹಿಮದ ಮ್ಯಾಲೆ ಬೇಕಾ ಹೇಳ್ರಿ. ಫೋಟೋ ತೆಗಿಯೋಕೂ ನಮ್ಮ ಹುಡುಗ್ರೇ ಬರ್ತಾರೆ. ಬ್ಯಾರೆ ಯಾರೂ ಬ್ಯಾಡ.’

ಮನೆಗೆ ಬಂದು ಚಂದ್ರನ ವಿಷಯ ಹೇಳಿದೆ. ಅಕ್ಕ ದಾರ ಹಲ್ಲಿನಿಂದ ಕಡಿದು, ‘ಹಂಗಾರೆ ನನ್ನ ಮಿಷನ್ನೂ ಅಲ್ಲಿಗೇ ಕಳ್ಸು. ಅಲ್ಲಿ ಕುಪ್ಸ ಹೊಲಿಸೋರು ಇರ್ತಾರಾ ಕೇಳ್ಕೊಂಡು ಬಾ’ ಎಂದಳು. ಅವ್ವ ನಕ್ಕರು. ನನ್ನ ಮುಖ ಸಪ್ಪಗಾದದ್ದು ನೋಡಿ ಅಕ್ಕ ಮೆತ್ತಗಾದಳು.

‘ಬ್ಯಾಡ ತಮ್ಮ. ಆ ಲೈಟು ಮುಖಕ್ಕೆ ಹೊಡೆದ್ರೆ ಎದುರಿಗೆ ಯಾರು ನಿಂತಾರೆ ಅನ್ನೋದೂ ಕಾಣಲ್ಲ. ನನ್ನ ಮದುವಿ ನಾನು ನೋಡ್ಬೇಕು.’

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಈ ಮಾತು ಹೇಳುವಾಗ ಅವಳು ಕೂತಿದ್ದ ರೀತಿಯನ್ನು, ಮಡಿಲಲ್ಲಿ ಅರ್ಧ ಹೊಲಿದ ತೋಳಿನ ಸಮೇತ ನಾನು ಇವತ್ತೂ ಕಾಣಬಲ್ಲೆ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಅಂಗಡಿಯ ಬುದ್ಧಿ ಬಳಸಿದೆ. ಊಟಕ್ಕೆ ಕೂತಾಗ, ‘ಹರಿಹರದವ್ರು ವಿಡಿಯೋ ಬೇಕಂತಾರೆ. ಹುಡುಗನ ತಾಯಿಗೆ ಆಸೆಯಂತೆ’ ಎಂದೆ.

ಅಪ್ಪ ತಟ್ಟೆಯಿಂದ ತಲೆ ಎತ್ತಿದರು. ‘ನನ್ ಹತ್ರ ಹೇಳ್ಲಿಲ್ವಲ್ಲ?’

‘ಹಿರೇರ ಹತ್ರ ಹೆಂಗೆ ಕೇಳ್ತಾರಪ್ಪ? ನನ್ ಹತ್ರ ಅಂದ್ರು.’

ಅಕ್ಕ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ‘ಪಾಪ, ಒಬ್ಬನೇ ಮಗ. ಆ ತಾಯಿಗೆ ಆಸೆ ಇರ್ತೈತೆ. ಆಗ್ಲಿ ಬಿಡು’ ಎಂದಳು. ಇನ್ನೂ ಸರಿಯಾಗಿ ಮಾತಾಡಿಸಿಯೂ ಇರದ ಅತ್ತೆಯ ಮೇಲೆ ಅವಳಿಗೆ ಆಗಲೇ ಕರುಣೆ ಬಂದಿತ್ತು. ನಾನು ಸಾರು ಹಾಕಿಸಿಕೊಂಡೆ.

ಮಾರನೆಯ ದಿನ ಹಳೆಯ ಸ್ಟುಡಿಯೋಗೆ ಹೋಗಿ ಯಜಮಾನರಿಗೂ ಅದೇ ಸುಳ್ಳು ಹೇಳಿದೆ. ‘ಗಂಡಿನ ಕಡೇರು ಬ್ಯಾರೆಯವರನ್ನ ಮಾತಾಡಿಬಿಟ್ಟಾರೆ.’ ಅವರು ‘ಆಗ್ಲಪ್ಪ, ಮದುವಿ ಚೆನ್ನಾಗಾಗ್ಲಿ’ ಎಂದಷ್ಟೇ ಹೇಳಿದರು. ಬೇಸರ ಮಾಡಿಕೊಂಡರೋ ಇಲ್ಲವೋ ನೋಡಲು ನಾನು ಅಲ್ಲಿ ನಿಲ್ಲಲಿಲ್ಲ.

ಮದುವೆಯ ದಿನ ಹರಿಹರದಲ್ಲಿ ಬೆಳಗಿನಿಂದಲೇ ಬಿಸಿಲು. ಮಂಟಪದ ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ವಿಡಿಯೋದವನು ಎರಡು ಸ್ಟ್ಯಾಂಡುಗಳ ಮೇಲೆ ದೊಡ್ಡ ಲೈಟು ನಿಲ್ಲಿಸಿ, ಇನ್ನೊಂದನ್ನು ತನ್ನವನ ಕೈಗೆ ಕೊಟ್ಟಿದ್ದ. ವೇದಿಕೆಯ ಮೇಲೆ ಕರಿಯ ವೈರುಗಳು ಹರಿದಾಡಿದ್ದವು. ಬಂದವರೆಲ್ಲ ಲೈಟು ನೋಡಿ ಹುಬ್ಬೇರಿಸುತ್ತಿದ್ದರು. ನಮ್ಮ ಬೀದಿಯ ಒಬ್ಬ ಅಜ್ಜಿ, ‘ಏನಪ್ಪ ಇದು, ಹೆಣ್ಣು ಗಂಡಿನ್ನ ಹುರಿಯಾಕೆ ಇಟ್ಟೀರಾ?’ ಎಂದಳು. ನಾನು ಹೆಮ್ಮೆಯಿಂದ ಓಡಾಡುತ್ತಿದ್ದೆ.

ವೇದಿಕೆಯ ಮೇಲೆ ಅವಳನ್ನು ಮಾತಾಡಿಸಲು ಹೋದಾಗ ಅಕ್ಕ ಮೆಲ್ಲಗೆ, ‘ಅತ್ತೆಗೆ ಖುಷಿ ಆಗೈತಾ ಕೇಳು’ ಎಂದಳು. ನಾನು ಕೇಳಲಿಲ್ಲ. ಅತ್ತೆ ವೇದಿಕೆಯ ಹತ್ತಿರ ಬಂದೇ ಇರಲಿಲ್ಲ. ತಾನು ಗಂಡನನ್ನು ಕಳೆದುಕೊಂಡವಳು, ಶುಭಕಾರ್ಯದ ಎದುರು ನಿಲ್ಲಬಾರದು ಎಂದು ತಾವಾಗಿಯೇ ಊಟದ ಮನೆಯ ಬಾಗಿಲಲ್ಲಿ ನಿಂತು, ಬಂದವರಿಗೆ ಬರ್ರಿ ಕೂಡ್ರಿ ಎನ್ನುತ್ತಿದ್ದರು. ಅವರು ಎಷ್ಟು ಸಲ ಆ ಲೈಟಿನ ಕಡೆ ಹುಬ್ಬುಗಂಟಿಕ್ಕಿ ನೋಡಿದರೋ ನನಗೆ ಗೊತ್ತು.

ತಾಳಿ ಕಟ್ಟುವ ಹೊತ್ತು ಬಂತು. ಅಯ್ಯನವರು ಮಂತ್ರ ಹೇಳುತ್ತಿದ್ದರು. ವಾಲಗ ಜೋರಾಯಿತು. ಎಲ್ಲರೂ ಕೈಯಲ್ಲಿ ಅಕ್ಕಿಕಾಳು ಹಿಡಿದು ಎದ್ದು ನಿಂತರು. ಆಗ ನನಗೆ ಅನಿಸಿತು, ಇಷ್ಟೆಲ್ಲ ಮಾಡಿಸಿದವನು ನಾನು, ವಿಡಿಯೋದಲ್ಲಿ ನಾನೇ ಇಲ್ಲದಿದ್ದರೆ? ಅಂಗಿ ಎಳೆದುಕೊಂಡು, ಅಕ್ಕನ ಹಿಂದೆ ನಿಲ್ಲಲು ವೇದಿಕೆಯ ಪಕ್ಕದಿಂದ ನುಗ್ಗಿದೆ. ಭಾವ ಎರಡೂ ಕೈಯಲ್ಲಿ ದಾರ ಹಿಡಿದು ಬಗ್ಗಿದ್ದ. ಕಾಲಿಗೆ ಏನೋ ತೊಡರಿತು. ಫಟ್ ಎಂದು ಲೈಟೆಲ್ಲ ಆರಿದವು. ಅಕ್ಕಿಕಾಳು ಬಿದ್ದವು, ಗಂಟು ಬಿತ್ತು, ವಾಲಗ ನಿಲ್ಲಲಿಲ್ಲ. ಯಾರಿಗೂ ಏನೂ ಅನಿಸಲಿಲ್ಲ. ನಾನು ಎಡವಿದ ವೈರು ಗೋಡೆಯಿಂದ ಕಿತ್ತು ಬಂದಿತ್ತು.

ಒಂದು ವಿಷಯ ಬರೆಯಬೇಕು. ಲೈಟು ಆರಿದಾಗ ಅಕ್ಕ ತಲೆ ಎತ್ತಿ ಎದುರಿನ ಜನರನ್ನು ನೋಡಿದಳು. ಅವ್ವ ಎಲ್ಲಿ, ಅಪ್ಪ ಎಲ್ಲಿ ಎಂದು ಕಣ್ಣು ಹುಡುಕಿತು. ಅಪ್ಪನನ್ನು ಕಂಡು ನಕ್ಕಳು. ಅವಳ ಮದುವೆಯನ್ನು ಅವಳು ನೋಡಿದ್ದು ಅಷ್ಟು ಹೊತ್ತು.

ಜನ ಊಟಕ್ಕೆ ಹೊರಡತೊಡಗಿದರು. ಅಯ್ಯನವರು ಮುಂದಿನ ಶಾಸ್ತ್ರಕ್ಕೆ ಸಾಮಾನು ಹೊಂದಿಸಲು ಕೆಳಗಿಳಿದರು. ವಿಡಿಯೋದವನು ವೈರು ಸಿಕ್ಕಿಸಿ, ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಿ ನನ್ನನ್ನು ಪಕ್ಕಕ್ಕೆ ಕರೆದ.

‘ತಾಳಿ ಬಂದಿಲ್ಲ ಬ್ರದರ್. ಬರೀ ಕತ್ತಲೆ.’

‘ಈಗೇನು ಮಾಡಾದು?’

‘ಮಾಡೋಕೇನೈತೆ? ಹುಡುಗನ ಕೈಯನ್ನ ಕೊರಳ ಹತ್ರ ಹಿಡಿಸ್ರಿ, ಕಟ್ಟಿದಂಗೆ ಮಾಡ್ಲಿ. ಮ್ಯಾಲೆ ಹೂವು ಉದುರಿಸಿಬಿಡ್ತೀನಿ. ಗೊತ್ತಾಗಲ್ಲ.’

ಹಾಗೆಯೇ ಮಾಡಿದೆವು. ಭಾವ ಅಕ್ಕನ ಕತ್ತಿನ ಹಿಂದೆ ಕೈ ಹಿಡಿದು ನಿಂತ. ನಾನು ಕ್ಯಾಮೆರಾದ ಪುಟ್ಟ ಗಾಜಿನಲ್ಲಿ ನೋಡಿದೆ. ತಾಳಿ ಆಗಲೇ ಸೀರೆಯ ಸೆರಗಿನೊಳಗೆ ಇಳಿದಿತ್ತು. ಗಂಡು ಹೆಣ್ಣಿನ ಕತ್ತು ಹಿಸುಕುತ್ತಿರುವ ಹಾಗೆ ಕಾಣುತ್ತಿತ್ತು. ಮುಂದೆ ಈ ಕ್ಯಾಸೆಟ್ ಹಾಕಿ ಅಂಗಡಿಯವರಿಗೆ ತೋರಿಸುವಾಗ ಅವರು ನಗುವುದು ನನಗೆ ಆಗಲೇ ಕೇಳಿಸಿತು.

‘ಇದು ಸರಿಯಾಗ್ತಿಲ್ಲ. ಬಿಚ್ಚಿ ಕಟ್ಟಿದ್ರೆ?’ ಎಂದೆ.

ವಿಡಿಯೋದವನೂ ಒಂದು ಕ್ಷಣ ತಡೆದ. ‘ಅದು ನಿಮಗೆ ಬಿಟ್ಟದ್ದು. ನಾನು ಹೇಳಲ್ಲ’ ಎಂದ.

ಭಾವನ ಕಿವಿಯ ಹತ್ತಿರ ಬಗ್ಗಿದೆ. ವಾಲಗದವರು ಇನ್ನೂ ಊದುತ್ತಿದ್ದರು. ‘ಭಾವ, ಗಂಟು ಬಿಚ್ಚಿ ಇನ್ನೊಂದು ಸಲ ಕಟ್ರಿ. ಎರಡು ನಿಮಿಷ.’

ಭಾವ ನನ್ನನ್ನು ಹುಚ್ಚನ ಹಾಗೆ ನೋಡಿದ. ‘ತಾಳಿ ಬಿಚ್ತಾರೇನಪ್ಪ? ವಿಡಿಯೋ ಯಾಕೆ ಬೇಕಿತ್ತು ಅಂತ ಅವ್ವ ಬೆಳಿಗ್ಗಿಂದ ಕೇಳ್ತಾಳೆ. ಬಿಡು, ಇಲ್ಲದಿದ್ರೆ ಇಲ್ಲ.’

ಅಲ್ಲಿಗೆ ಬಿಡಬಹುದಿತ್ತು. ಅಷ್ಟು ಸುಲಭವಾಗಿ ಬಿಡಬಹುದಿತ್ತು. ನನ್ನ ಬಾಯಿ ತಾನಾಗಿಯೇ ಅಂಗಡಿಯ ಮಾತಾಡಿತು.

‘ಅಕ್ಕನ ಆಸೆ ಭಾವ. ಬಾಯಿಬಿಟ್ಟು ಹೇಳ್ತಿಲ್ಲ ಅಷ್ಟೇ. ತಾಳಿ ಕಟ್ಟೋದು ವಿಡಿಯೋದಾಗೆ ಬರಲೇಬೇಕು ಅಂತ ಬಹಳ ದಿನದಿಂದ ಹೇಳ್ತಿದ್ಲು.’

ಭಾವ ಪಕ್ಕಕ್ಕೆ ತಿರುಗಿ ಅಕ್ಕನನ್ನು ನೋಡಿದ. ಮತ್ತೆ ಹೊತ್ತಿಕೊಂಡ ಲೈಟಿಗೆ ಅವಳು ಕಣ್ಣು ಮುಚ್ಚಿ ತಲೆ ತಗ್ಗಿಸಿದ್ದಳು. ನಾಚಿಕೊಂಡಿದ್ದಾಳೆ ಎಂದು ಅವನು ತಿಳಿದಿರಬೇಕು. ಹೊಸ ಗಂಡ, ಹೆಂಡತಿಯ ಮೊದಲ ಆಸೆ. ಅವನು ಕೈ ಹಾಕಿ ಗಂಟು ಬಿಚ್ಚತೊಡಗಿದ. ಅಕ್ಕ ಬೆಚ್ಚಿ ಕಣ್ಣು ತೆರೆದಳು. ‘ಯಾಕ?’ ಎಂದಳು. ವಾಲಗದ ನಡುವೆ ಅದು ನನಗೆ ತುಟಿಯಲ್ಲಿ ಮಾತ್ರ ಕಂಡಿತು. ನಾನು ಕೈಸನ್ನೆಯಲ್ಲಿ ಸುಮ್ಮನಿರು ಎಂದೆ.

ಅದೇ ಹೊತ್ತಿಗೆ ಅತ್ತೆ, ಮಗ ಸೊಸೆಗೆ ಅಕ್ಕಿಕಾಳು ಹಾಕೋಣ ಎಂದು, ಈಗ ಬರಬಹುದು ಎಂದುಕೊಂಡು, ವೇದಿಕೆ ಹತ್ತಿ ಬಂದರು. ಮಗನ ಕೈಯಲ್ಲಿ ತಾಳಿ ನೇತಾಡುತ್ತಿತ್ತು. ಸೊಸೆಯ ಕೊರಳು ಬರಿದಾಗಿತ್ತು. ಅವರ ಮುಷ್ಟಿ ಬಿಚ್ಚಿ ಕಾಳು ನೆಲಕ್ಕೆ ಬಿದ್ದವು. ತಮ್ಮ ಕೊರಳನ್ನು ತಾವೇ ಒಂದು ಸಲ ಮುಟ್ಟಿಕೊಂಡರು.

‘ಕಟ್ಟು’ ಎಂದರು ಮಗನಿಗೆ. ‘ಮೊದ್ಲು ಕಟ್ಟು.’

ಅವನು ಕಟ್ಟಿದ. ವಿಡಿಯೋದಲ್ಲಿ ಅದು ಬಂತು.

‘ಯಾರು ಬಿಚ್ಚಿಸಿದ್ದು?’

ಸುತ್ತಲೂ ಹತ್ತಾರು ಜನ ಸೇರಿದ್ದರು. ನಮ್ಮ ಅಪ್ಪ ಅವ್ವ ಊಟದ ಮನೆಯಲ್ಲಿ ಬಡಿಸುವುದನ್ನು ನೋಡುತ್ತಿದ್ದರು. ಭಾವ ನನ್ನ ಕಡೆ ನೋಡಲಿಲ್ಲ. ಅವನು ನನಗೆ ಮೋಸ ಮಾಡಲಿಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದ. ‘ಇವಳಿಗೆ ಆಸೆ ಇತ್ತಂತೆ ಅವ್ವ. ವಿಡಿಯೋದಾಗೆ ಬರ್ಲಿ ಅಂತ.’

ಅಕ್ಕ ನನ್ನನ್ನು ನೋಡಿದಳು. ಅವತ್ತು ಊಟಕ್ಕೆ ಕೂತಾಗ ನೋಡಿದ ಹಾಗೆಯೇ, ಸ್ವಲ್ಪ ಹೊತ್ತು. ಅವಳಿಗೆ ಎಲ್ಲವೂ ತಿಳಿಯಿತು. ಅತ್ತೆಯ ಆಸೆ ಎಂದು ನಾನು ಹೇಳಿದ್ದೂ ಸುಳ್ಳು ಎಂಬುದು ಸಹ ಆ ಕ್ಷಣಕ್ಕೇ ತಿಳಿಯಿತು. ನಾನು ಬಾಯಿ ತೆರೆಯಲು ಅವಳು ಕಾದಳು. ಎಲ್ಲರೂ ಅವಳ ಉತ್ತರಕ್ಕೆ ಕಾಯುತ್ತಿದ್ದರು, ಅವಳು ನನ್ನ ಉತ್ತರಕ್ಕೆ. ನಾನು ವೈರು ಸುತ್ತಲು ಬಗ್ಗಿದೆ.

ನಾನು ಬಗ್ಗಿ ವೈರು ಸುತ್ತಿದೆ. ಅದು ನನ್ನ ಕೆಲಸವೇ ಆಗಿರಲಿಲ್ಲ.

ಅಕ್ಕ ತಲೆ ತಗ್ಗಿಸಿದಳು. ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಹೊಸ ಮದುಮಗಳು ಎಲ್ಲರೆದುರು ಅಲ್ಲ ಎಂದಿದ್ದರೆ ತಮ್ಮ ಸುಳ್ಳ, ತವರು ಸುಳ್ಳು. ಅಷ್ಟು ಲೆಕ್ಕ ಹಾಕಲು ಅವಳಿಗೆ ಅಷ್ಟೇ ಹೊತ್ತು ಸಾಕಾಗಿತ್ತು.

ಆ ಮನೆಯಲ್ಲಿ ಅವಳಿಗೆ ಹೊಡೆತ ಬಡಿತ ಏನೂ ಇರಲಿಲ್ಲ. ಅದನ್ನು ಹೇಳಬೇಕು. ಅತ್ತೆ ಕೆಟ್ಟವರಲ್ಲ, ಹೆದರಿದವರು. ಬರಿಯ ಕೊರಳು ಎಂದರೆ ಏನೆಂದು ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ. ಮಗ ಕಾರ್ಖಾನೆಯಿಂದ ಬರುವುದು ತಡವಾದರೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವನಿಗೆ ಜ್ವರ ಬಂದರೆ ಸೊಸೆಯ ಮುಖ ನೋಡುತ್ತಿದ್ದರು. ಎಮ್ಮೆ ಹಾಲು ಕಡಿಮೆ ಮಾಡಿದರೂ, ‘ಏನ್ ಮಾಡಾದು, ಮದುವಿ ದಿನಾನೇ ಬಿಚ್ಚಿಸ್ಕೊಂಡು ಬಂದಾಳೆ’ ಎನ್ನುವ ಮಾತು ಬರುತ್ತಿತ್ತು. ಕ್ಯಾಸೆಟ್ ಬಂದಾಗ ಅದನ್ನು ಹೊಸಲಿನೊಳಗೆ ಬಿಟ್ಟುಕೊಳ್ಳಲಿಲ್ಲ. ಅದು ನಮ್ಮ ಮನೆಯ ಟ್ರಂಕಿನಲ್ಲೇ ಉಳಿಯಿತು. ನಾನು ಅದನ್ನು ಯಾರಿಗೂ ತೋರಿಸಲಿಲ್ಲ.

ಅಕ್ಕ ತವರಿಗೆ ಬಂದಾಗ ನಾನು ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಅವಳು ಒಮ್ಮೆಯೂ ಆ ಮಾತು ತೆಗೆಯಲಿಲ್ಲ. ತೆಗೆದು ಬೈದಿದ್ದರೆ, ಶಾಲೆ ಬಿಟ್ಟ ದಿನದ ಹಾಗೆ ಹೊಡೆದಿದ್ದರೆ ಎಂದು ನಾನು ಆಸೆಪಡುತ್ತಿದ್ದೆ. ಅವಳು ನನ್ನ ಅಂಗಿಯ ಗುಂಡಿ ಬಿಗಿ ಮಾಡಿಕೊಟ್ಟು ಹೋಗುತ್ತಿದ್ದಳು.

ಮರುವರ್ಷದ ಚಳಿಯಲ್ಲಿ ಅಕ್ಕನಿಗೆ ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ. ನೋಡಲು ಹೋದ ಅವ್ವನಿಗೆ ಅತ್ತೆ ಹೇಳಿದ್ದರು: ಮನೆದೇವರ ಗದ್ದುಗೆಗೆ ಹೋಗಿ ತಪ್ಪುಕಾಣಿಕೆ ಇಡಬೇಕು, ಅಲ್ಲಿಯೇ ಹೊಸ ದಾರದಲ್ಲಿ ತಾಳಿ ಮತ್ತೆ ಕಟ್ಟಿಸಬೇಕು, ಆ ದಾರವನ್ನು ತವರಿನವರು ತರಬೇಕು. ಅಪ್ಪನಿಗೆ ಮೊಣಕಾಲು ನೋವು. ಅವ್ವ, ‘ನೀನೇ ಹೋಗಿ ಬಾ’ ಎಂದು ಅರಿಶಿನದಲ್ಲಿ ಅದ್ದಿ ಒಣಗಿಸಿದ ದಾರವನ್ನು ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಆಮೇಲೆ ಮೆಲ್ಲಗೆ, ‘ಅವಳಿಗೆ ಇಂಥಾ ಆಸೆ ಯಾಕೆ ಬಂತೋ. ಬುದ್ಧಿ ಇರೋ ಹುಡುಗಿ’ ಎಂದರು. ಹೆತ್ತ ತಾಯಿಯೂ ನಂಬಿದ್ದಳು.

ಗದ್ದುಗೆ ಹರಿಹರದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿತ್ತು. ಅತ್ತೆ, ಭಾವ, ಅಕ್ಕ, ಅವರ ಮನೆತನದ ನಾಲ್ಕೈದು ಹಿರಿಯರು, ನಾನು. ಅಯ್ಯನವರು ವಿಭೂತಿ ಹಚ್ಚಿ ಎಲ್ಲರನ್ನೂ ಕೂರಿಸಿದರು. ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಅಕ್ಕನ ಕೈಗೆ ಕೊಟ್ಟರು.

‘ಗದ್ದುಗಿ ಮುಂದೆ ಇಟ್ಟು ನಮಸ್ಕಾರ ಮಾಡವ್ವ’ ಎಂದರು.

‘ಹಂಗಲ್ಲ’ ಎಂದರು ಅತ್ತೆ. ‘ಬಾಯಿಬಿಟ್ಟು ಹೇಳ್ಲಿ. ಮನಸಿನಾಗಿದ್ರೆ ದೇವರಿಗೆ ಕೇಳಿಸ್ತೈತೆ, ನಮಗೆ ಕೇಳಿಸಲ್ಲ.’

ನಾನು ಅಕ್ಕನ ಹಿಂದೆಯೇ ಕೂತಿದ್ದೆ. ಕೈ ಚಾಚಿದರೆ ಬೆನ್ನು ಸಿಗುವಷ್ಟು ಹತ್ತಿರ. ಕೂಸು ಹೋದ ಮೇಲೆ ಅವಳ ಬೆನ್ನು ಸಣ್ಣದಾಗಿತ್ತು. ತಾನೇ ಹೊಲಿದ ಕುಪ್ಪಸ ಭುಜದಲ್ಲಿ ಜೋಲುತ್ತಿತ್ತು. ಈಗ ಹೇಳುತ್ತೇನೆ, ಅವಳು ಬಾಯಿ ತೆರೆಯುವ ಮೊದಲು ಹೇಳುತ್ತೇನೆ ಎಂದು ನಾನು ಉಸಿರು ಎಳೆದುಕೊಂಡೆ. ಹಿರಿಯರ ಮುಖ ನೋಡಿದೆ. ಭಾವನ ಮುಖ ನೋಡಿದೆ. ಉಸಿರು ಹಾಗೆಯೇ ಹೊರಗೆ ಹೋಯಿತು.

‘ನನ್ನಿಂದ ತಪ್ಪಾತು’ ಎಂದಳು ಅಕ್ಕ.

‘ಏನು ತಪ್ಪು ಅಂತ ಹೇಳು.’

‘ವಿಡಿಯೋದ ಆಸಿಗೆ ತಾಳಿ ಬಿಚ್ಚಿಸಿದೆ.’ ಪಾಠ ಒಪ್ಪಿಸಿದ ಹಾಗೆ ಹೇಳಿ, ಕಾಣಿಕೆ ಇಟ್ಟು ಹಣೆ ನೆಲಕ್ಕೆ ಮುಟ್ಟಿಸಿದಳು.

ಆಮೇಲೆ ನಾನು ತಂದ ದಾರದಲ್ಲಿ ಭಾವ ಹೊಸದಾಗಿ ಗಂಟು ಹಾಕಿದ. ಅತ್ತೆ ಸೊಸೆಯ ಕೆನ್ನೆ ಸವರಿ ಲಟಿಕೆ ಮುರಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಆ ದಿನದ ಮಟ್ಟಿಗೆ ಅವರ ಹೆದರಿಕೆ ಇಳಿದಿತ್ತು.

ಹರಿಹರಕ್ಕೆ ಬಂದು ಮನೆಯಲ್ಲಿ ಹೋಳಿಗೆ ಊಟ. ಪಡಸಾಲೆಯಲ್ಲಿ ಗಂಡಸರೆಲ್ಲ ಸಾಲಾಗಿ ಕೂತೆವು. ಎಲೆ ಹಾಕಿದ್ದರು. ಅಕ್ಕ ಹೋಳಿಗೆ ಬಡಿಸುತ್ತಾ ನನ್ನ ಮುಂದೆ ಬಂದು, ಎಂದಿನ ಹಾಗೆ, ‘ಎರಡು ಹಾಕ್ಲಾ?’ ಎಂದಳು. ಅವಳ ಹಣೆಯ ಮೇಲೆ ಗದ್ದುಗೆಯ ನೆಲದ ಧೂಳು ಇನ್ನೂ ಇತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

‘ಅಕ್ಕ ಹೇಳಿಲ್ಲ’ ಎಂದೆ. ‘ತಾಳಿ ಬಿಚ್ಚಿಸಿದ್ದು ನಾನು.’

ಯಾರೂ ಊಟಕ್ಕೆ ಕೈ ಇಟ್ಟಿರಲಿಲ್ಲ. ನನಗೆ ನಿಲ್ಲಿಸಲು ಬರಲಿಲ್ಲ. ವಿಡಿಯೋ ನನಗೆ ಬೇಕಾಗಿತ್ತು, ಅವಳು ಬೇಡ ಎಂದಿದ್ದಳು, ವೈರು ಎಡವಿದವನು ನಾನು, ಭಾವನಿಗೆ ಅವಳ ಆಸೆ ಎಂದು ಸುಳ್ಳು ಹೇಳಿದವನು ನಾನು ಎಂದು ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆ.

ಆಮೇಲೆ ಮನೆತನದ ಹಿರಿಯರೊಬ್ಬರು ತಲೆ ತೂಗಿದರು.

‘ಒಡಹುಟ್ಟಿದವ ಅಂದ್ರೆ ಹಿಂಗಿರ್ಬೇಕು ನೋಡ್ರಿ’ ಎಂದರು.

‘ಅಲ್ರಿ, ನಿಜವಾಗ್ಲೂ...’

‘ಇರ್ಲಿ ಬಿಡಪ್ಪ. ಅಕ್ಕ ತಲೆ ತಗ್ಗಿಸಿದ್ದು ನಿಂಗೆ ನೋಡಾಕೆ ಆಗ್ಲಿಲ್ಲ. ನಮಗೆ ತಿಳಿತೈತೆ.’

ನಾನು ಭಾವನ ಕಡೆ ತಿರುಗಿದೆ. ‘ಭಾವ, ನೀವು ಹೇಳ್ರಿ. ನಿಮ್ಮ ಕಿವಿಯಾಗೆ ಹೇಳಿದ್ದು ನಾನೇ ಅಲ್ವಾ?’

‘ಹೇಳಿದ್ದು ನೀನೇ’ ಎಂದ ಭಾವ. ‘ಅವಳ ಆಸೆ ಅಂತ ಹೇಳ್ದೆ. ಸುಳ್ಳಾಗಿದ್ರೆ ಅವತ್ತೇ ಅವಳು ಅಲ್ಲ ಅಂತಿದ್ಲು. ಗದ್ದುಗಿ ಮುಂದೆ ಕುಂತು ಯಾರಾದ್ರೂ ಮಾಡದ ತಪ್ಪು ಒಪ್ಕೋತಾರೇನು?’

ಇನ್ನೊಂದು ಮಾತು ಹೆಚ್ಚಿಗೆ ಹೇಳಿದರೆ ಅಕ್ಕ ದೇವರ ಮುಂದೆ ಸುಳ್ಳು ಹೇಳಿದವಳಾಗುತ್ತಿದ್ದಳು. ಅಕ್ಕನನ್ನು ನೋಡಿದೆ. ಅವಳು ಹೋಳಿಗೆ ತಟ್ಟೆ ಹಿಡಿದು ಮುಂದಿನ ಎಲೆಗೆ ಹೋಗಿದ್ದಳು.

ಅತ್ತೆ ಒಳಗಿಂದ ತುಪ್ಪದ ಗಿಂಡಿ ತಂದು ನನ್ನ ಎದುರು ಕೂತರು. ‘ನಂಗೂ ಒಬ್ಬ ತಮ್ಮ ಇದ್ದಿದ್ರೆ ಅನಿಸ್ತೈತೆ’ ಎಂದು ತಾವೇ ಬಡಿಸಿದರು. ಹೋಳಿಗೆ ಮುಳುಗುವಷ್ಟು ಬಡಿಸಿದರು. ‘ತಿನ್ನಪ್ಪ. ಬ್ಯಾಡ ಅನ್ಬ್ಯಾಡ.’ ನಾನು ತಿಂದೆ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಕ್ಕ ಚೆಂಬು ಹಿಡಿದು ಬಂದು ನೀರು ಹಾಕಿದಳು. ಹತ್ತಿರ ಬೇರೆ ಯಾರೂ ಇರಲಿಲ್ಲ.

‘ಇನ್ನೊಂದ್ ಸಲ ಹೇಳ್ತೀನಿ. ಎಲ್ಲರಿಗೂ ನಂಬಿಕೆ ಬರೋ ಹಂಗೆ ಹೇಳ್ತೀನಿ’ ಎಂದೆ.

‘ಬ್ಯಾಡ. ಇನ್ ಮ್ಯಾಲೆ ಹೇಳಿದ್ರೆ ನಾನೇ ಅಲ್ಲ ಅಂತೀನಿ’ ಎಂದಳು. ನೀರು ಹಾಕುತ್ತಲೇ ಇದ್ದಳು. ತುಪ್ಪ ಕೈ ಬಿಡುತ್ತಿರಲಿಲ್ಲ. ‘ಅವತ್ತು ಮಂಟಪದಾಗೆ ಹೇಳಿದ್ರೆ ನನಗೆ ಆಗ್ತಿತ್ತು. ಬೆಳಿಗ್ಗೆ ಗದ್ದುಗಿ ಹತ್ರ ಹೇಳಿದ್ರೂ ಆಗ್ತಿತ್ತು. ಈಗ ಹೇಳಿದ್ದು ನಿನಗೋಸ್ಕರ. ಹಗುರಾತಾ?’

ಆ ಪ್ರಶ್ನೆಯಲ್ಲಿ ಕುಹಕ ಇತ್ತೋ, ನಿಜಕ್ಕೂ ಕೇಳಿದಳೋ ನನಗೆ ಇವತ್ತಿಗೂ ತಿಳಿದಿಲ್ಲ. ಚೆಂಬು ಖಾಲಿಯಾಯಿತು, ಅವಳು ಒಳಗೆ ಹೋದಳು.

ಅಕ್ಕನಿಗೆ ಆಮೇಲೆ ಇಬ್ಬರು ಮಕ್ಕಳಾದರು. ಅತ್ತೆ ಅದನ್ನು ಗದ್ದುಗೆಯ ಕೃಪೆ ಎಂದೇ ತಿಳಿದರು, ಸೊಸೆಯ ಮೇಲೆ ಸಿಟ್ಟು ಬಿಟ್ಟರು, ಕೊನೆಗೆ ಅವಳ ಕೈಯಿಂದಲೇ ನೀರು ಕುಡಿದು ಹೋದರು. ಆದರೆ ಆ ಮನೆತನದಲ್ಲಿ ಯಾರದೇ ಮದುವೆಗೆ ಫೋಟೋದವರನ್ನು ಗೊತ್ತು ಮಾಡುವ ಮಾತು ಬಂದರೆ ಸಾಕು, ಅಕ್ಕನ ಕಥೆ ಬರುತ್ತದೆ. ಹೊಸ ಹುಡುಗಿಯರಿಗೆ ಬುದ್ಧಿ ಹೇಳಲು ಅದನ್ನು ಬಳಸುತ್ತಾರೆ. ವಿಡಿಯೋ ಹುಚ್ಚಿಗೆ ತಾಳಿ ಬಿಚ್ಚಿಸಿದಾಕಿ, ನೋಡಿ ಕಲೀರಿ ಎಂದು ನಗುತ್ತಾರೆ. ಅಕ್ಕನೂ ನಗುತ್ತಾಳೆ.

ನಾನು ಅಲ್ಲಿದ್ದರೆ ಕಥೆಗೆ ಇನ್ನೊಂದು ತುದಿ ಸೇರುತ್ತದೆ. ಅಕ್ಕನ ತಪ್ಪನ್ನು ಎಲ್ಲರೆದುರು ತನ್ನ ಮೇಲೆ ಹಾಕಿಕೊಂಡ ತಮ್ಮ ಇವನೇ ಎಂದು ನನ್ನನ್ನು ತೋರಿಸುತ್ತಾರೆ. ಕುರ್ಚಿ ಕೊಡುತ್ತಾರೆ. ನಾನು ಅಲ್ಲ ಎನ್ನುತ್ತೇನೆ. ಅಲ್ಲ ಎಂದಷ್ಟೂ ಅವರಿಗೆ ನನ್ನ ಮೇಲೆ ಗೌರವ ಹೆಚ್ಚುತ್ತದೆ. ಆ ಹೊತ್ತಿಗೆ ಅಕ್ಕ ಏನೋ ಕೆಲಸ ನೆನಪಾದವಳ ಹಾಗೆ ಎದ್ದು ಒಳಗೆ ಹೋಗಿರುತ್ತಾಳೆ.